ಡೆಲಿವರಿ ಎಂದರೆ ಹೊರಡುವುದೋ, ತಲುಪುವುದೋ?

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮಕ್ಕಳಿಗೆ ಜಪಾನಿ ಭಾಷೆ ದೂರದ್ದಾಗಿ ಉಳಿದಿಲ್ಲ. ಅದನ್ನು ಕಲಿಯಹೊರಟವರು ಒಂದು ಮಾತು ಗಮನಿಸಬೇಕು. ವ್ಯವಹಾರದ ಅನುವಾದದಲ್ಲಿ ಅನೇಕ ವೇಳೆ ಕಾಡುವುದು ಜಪಾನಿಯಲ್ಲ, ಇಂಗ್ಲಿಷ್!

'10ನೇ ತಾರೀಖು ಡೆಲಿವರಿ' ಎಂದು ಪತ್ರದಲ್ಲಿದೆ ಎನ್ನಿ. ಮಾಲು ಅಂದು ಹೊರಡುತ್ತದೆಯೋ, ಬಂದು ತಲುಪುತ್ತದೆಯೋ? ಜಪಾನಿಯಲ್ಲಿ ಕಳಿಸುವುದು 'ಶುಕ್ಕಾ', ತಲುಪಿಸಿ ಒಪ್ಪಿಸುವುದು 'ನೋಹಿನ್'. ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೇ ಬರಬೇಕೆಂಬುದು ಟೊಯೋಟಾ ಪದ್ಧತಿ. ಅಲ್ಲಿ ಪದ ತಪ್ಪಿದರೆ ಕೆಲಸವೇ ನಿಂತೀತು.

'ಕ್ಲೇಮ್' ಇನ್ನೂ ಮೋಸದ ಪದ. ವಿಮೆಯಲ್ಲಿ ಅದು ಹಣದ ಬೇಡಿಕೆ, ಅಂದರೆ 'ಸೇಕ್ಯೂ'. ಅದೇ ಪದ ಜಪಾನಿಗೆ ಹೋಗಿ 'ಕುರೇಮು' ಆದಾಗ ಅರ್ಥ 'ದೂರು'! 'ಮ್ಯಾನೇಜರ್' ಎಂದರೆ ವಿಭಾಗದ ಮುಖ್ಯಸ್ಥ 'ಬುಚೋ' ಇರಬಹುದು, ಅವರ ಕೈಕೆಳಗಿನ 'ಕಚೋ' ಇರಬಹುದು. ನಿಘಂಟು ಇದನ್ನು ಹೇಳದು; ಪತ್ರ ಬರೆದವರನ್ನೇ ಕೇಳಬೇಕು.

ಕನ್ನಡದಂತೆ ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಇದು ನಮ್ಮ ಮಕ್ಕಳಿಗೆ ಅನುಕೂಲ. ಪಾಲಕರೇ, 'ಎಷ್ಟು ಪದ ಕಲಿತೆ?' ಎಂದಷ್ಟೇ ಕೇಳಬೇಡಿ. 'ಆ ಇಂಗ್ಲಿಷ್ ಪದದ ಅರ್ಥ ಇಲ್ಲಿ ಏನು, ಕನ್ನಡದಲ್ಲಿ ಹೇಳು' ಎನ್ನಿ. ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಜಪಾನಿಯಲ್ಲೂ ಸರಿಯಾದ ಪದ ಹುಡುಕಬಲ್ಲರು.