ಪಳಗಿದ ಕೈ

ಕಳೆದ ವರ್ಷ ನಮ್ಮ ಕಾಲೇಜಿನ ಚಿತ್ರಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಕೂರಿಸಿದರು. ಕನ್ನಡ ಅಧ್ಯಾಪಕನಿಗೆ ಎಲ್ಲ ಕಲೆಗಳೂ ತಿಳಿದಿರುತ್ತವೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ನಾನೂ ಅದನ್ನು ಅಲ್ಲಗಳೆಯಲಿಲ್ಲ. ಎರಡನೆಯ ಬಿ.ಎ. ತರಗತಿಯ ಹುಡುಗನೊಬ್ಬ ಚಲನಚಿತ್ರ ನಟರೊಬ್ಬರ ಮುಖವನ್ನು ಪೆನ್ಸಿಲಿನಲ್ಲಿ ಬರೆದಿದ್ದ. ಹುಬ್ಬಿನ ಕೂದಲನ್ನು ಎಣಿಸಬಹುದಾಗಿತ್ತು. ಮೊದಲ ಬಹುಮಾನವನ್ನು ಅವನಿಗೇ ಕೊಟ್ಟು, ವೇದಿಕೆಯ ಮೇಲೆ ‘ಮಹಾ ಕಲಾವಿದ’ನೆಂದು ಕೊಂಡಾಡಿದೆ. ಮರುವಾರ ಗ್ರಂಥಾಲಯದ ಮುಂದಿನ ಹುಣಿಸೆಮರವನ್ನು ತೋರಿಸಿ, “ಇದನ್ನೊಂದು ಬರೆದುಕೊಡಪ್ಪ” ಎಂದೆ. ಹುಡುಗ ತಬ್ಬಿಬ್ಬಾದ. “ಫೋಟೋ ತೆಗೆದು ಚೌಕ ಹಾಕಿಕೊಂಡರೆ ಬರೆಯುತ್ತೇನೆ, ಸಾರ್. ಮರವನ್ನೇ ನೋಡಿಕೊಂಡು ಬರೆದು ಅಭ್ಯಾಸವಿಲ್ಲ” ಎಂದ.

ಅವನ ಪ್ರಾಮಾಣಿಕತೆಯ ಮುಂದೆ ನನ್ನ ತೀರ್ಪು ಬಹಳ ಸಣ್ಣದಾಗಿ ಕಂಡಿತು. ಭಾಮಿನಿ ಷಟ್ಪದಿಯ ಮಾತ್ರೆ ತಪ್ಪದಂತೆ ಪದ್ಯ ಹೊಸೆಯುವುದನ್ನು ಯಾವ ವಿದ್ಯಾರ್ಥಿಗಾದರೂ ಒಂದೆರಡು ತಿಂಗಳಲ್ಲಿ ಕಲಿಸಬಲ್ಲೆ. ಅಷ್ಟರಿಂದಲೇ ಅವನು ಕುಮಾರವ್ಯಾಸನ ವಂಶಕ್ಕೆ ಸೇರಿದನೆಂದು ಹೇಳುವ ಧೈರ್ಯ ಮಾಡಲಾರೆ. ಪದ್ಯದ ವಿಷಯದಲ್ಲಿರುವ ಈ ಎಚ್ಚರ ಚಿತ್ರದ ವಿಷಯದಲ್ಲಿ ನನಗೆ ಏಕೆ ತಪ್ಪಿತು?

ನಕಲು ಮಾಡುವುದೇ ಹೀನವೆಂದು ನಾನು ಹೇಳುತ್ತಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಾರರು ಹುಣಿಸೆಕಡ್ಡಿಯನ್ನು ಸುಟ್ಟು ಮಾಡಿದ ಇದ್ದಲಿನಿಂದ ರೇಖೆ ಹಾಕಿ, ಹಿರಿಯರು ಬರೆದುದನ್ನೇ ಮತ್ತೆ ಮತ್ತೆ ಬರೆದು ಕಲಿತವರು. ಕೈ ಪಳಗುವುದಕ್ಕೆ ಬೇರೆ ದಾರಿಯಿಲ್ಲ. ಆದರೆ ಪಳಗಿದ ಕೈಗೆ ಒಂದು ದುರಭ್ಯಾಸವುಂಟು: ತಾನು ಬಲ್ಲುದನ್ನೇ ಮತ್ತೆ ಮಾಡಿ ತೋರಿಸುವುದು, ಕಣ್ಣಿಗೆ ಹೊಸದನ್ನು ನೋಡಲು ಬಿಡದಿರುವುದು. ಜನರ ಚಪ್ಪಾಳೆ ಆ ದುರಭ್ಯಾಸಕ್ಕೆ ನೀರೆರೆಯುತ್ತದೆ. ಕಲಾವಿದನ ಬೆಳವಣಿಗೆ ತನ್ನ ಕೈಯ ಮೇಲೆ ತನಗೇ ಸಂಶಯ ಬಂದ ದಿನ ಆರಂಭವಾಗುತ್ತದೆಂದು ನನ್ನ ಎಣಿಕೆ.

ಕೆ. ವೆಂಕಟಪ್ಪನವರನ್ನು ನೋಡಿ. 1886ರಲ್ಲಿ ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಅವರಿಗೆ ಕೈಚಳಕ ಮನೆಯ ಆಸ್ತಿಯಾಗಿತ್ತು. ಆದರೂ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಪುರಾಣಪ್ರಸಂಗಗಳ ಚಿತ್ರಗಳಿಂದ ಹೆಸರು ಬಂತು. ಆ ಹೆಸರಿನಲ್ಲೇ ಜೀವನ ಸಾಗಿಸಬಹುದಾಗಿದ್ದ ಮನುಷ್ಯ, 1920ರ ದಶಕದಲ್ಲಿ ಊಟಿಯ ಬೆಟ್ಟಗಳ ನಡುವೆ ಕುಳಿತು ಮಂಜನ್ನೂ ಬೆಳದಿಂಗಳನ್ನೂ ಜಲವರ್ಣದಲ್ಲಿ ಹಿಡಿಯಹೊರಟರು. ಮಂಜಿಗೆ ಗೆರೆಯಿಲ್ಲ, ಮನೆತನದಿಂದ ಬಂದ ರೇಖೆ ಅಲ್ಲಿ ಎಷ್ಟರಮಟ್ಟಿಗೆ ನೆರವಾದೀತು? ಆ ಚಿತ್ರಗಳೆದುರು ನಿಂತಾಗಲೆಲ್ಲ ನನಗೆ ಕಾಣುವುದು ಬೆಟ್ಟಕ್ಕಿಂತ ಹೆಚ್ಚಾಗಿ ಕಾದು ಕುಳಿತ ಒಂದು ಕಣ್ಣು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತದ್ದೂ ಅದೇ ಹಟದ ಇನ್ನೊಂದು ಮುಖವಿರಬೇಕು.

ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಪಾಠ ಹೇಳಿದವರು. ಮೇಷ್ಟರಾದ ಮೇಲೆ ಕಲಿಯುವುದನ್ನು ನಿಲ್ಲಿಸುವುದು ನಮ್ಮ ವೃತ್ತಿಯ ಹಳೆಯ ರೋಗ. ನನಗೂ ಅದು ಇಲ್ಲದಿಲ್ಲ. ಹೆಬ್ಬಾರರು ಮಾತ್ರ ನಲವತ್ತರ ಹೊಸ್ತಿಲಲ್ಲಿ ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಲಯವೆಂದರೇನೆಂದು ತಿಳಿಯುವುದಕ್ಕಾಗಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಚಿತ್ರ ಬರೆಯುವವನಿಗೆ ಕುಣಿತವೇಕೆಂದು ಕೇಳುವವರು ಅವರ ರೇಖಾಚಿತ್ರಗಳನ್ನು ನೋಡಬೇಕು. ಎರಡೇ ಗೆರೆಗಳಲ್ಲಿ ದೇಹದ ಭಾರವೆಲ್ಲ ಒಂದು ಪಾದದ ಮೇಲೆ ಬಂದು ನಿಲ್ಲುತ್ತದೆ. ಆ ಭಾರವನ್ನು ಛಾಯಾಚಿತ್ರದಿಂದ ಎತ್ತಿಕೊಳ್ಳಲಾಗದು, ತನ್ನ ಕಾಲಿನಲ್ಲೇ ಅರಿಯಬೇಕು.

ನಮ್ಮ ಸ್ಪರ್ಧೆಗಳು ಎರಡು ಗಂಟೆಯಲ್ಲಿ ಮುಗಿದ ಚಿತ್ರವನ್ನು ಬಯಸುತ್ತವೆ. ಮುಗಿಯದ ಚಿತ್ರಕ್ಕೆ, ಹತ್ತು ಸಲ ಅಳಿಸಿದ ಹಾಳೆಗೆ ಅಲ್ಲಿ ಅಂಕವಿಲ್ಲ. ವರ್ಷವೆಲ್ಲ ಬರೆದ ಅಭ್ಯಾಸದ ಪುಸ್ತಕವನ್ನೇ ತರಿಸಿ ನೋಡಿ ಬಹುಮಾನ ಕೊಡಬಾರದೇಕೆ? ಈ ಸಲ ನಮ್ಮ ಸಮಿತಿಯಲ್ಲಿ ಹೀಗೆ ಕೇಳಿದೆ. ಅಷ್ಟು ಪುಟ ತಿರುವಿ ಹಾಕಲು ಸಮಯ ಯಾರಿಗಿದೆಯೆಂಬ ಉತ್ತರ ಬಂತು.

ಆ ಹುಡುಗ ಈಗ ಕಡೆಯ ವರ್ಷದಲ್ಲಿದ್ದಾನೆ. ಬಹುಮಾನ ಬಂದ ಮೇಲೆ ನಟರ ಮುಖಗಳನ್ನು ಇನ್ನಷ್ಟು ಬರೆದನೆಂದು ಕೇಳಿದ್ದೆ. ಮೊನ್ನೆ ಮಧ್ಯಾಹ್ನ ಗ್ರಂಥಾಲಯದಿಂದ ಹೊರಗೆ ಬರುವಾಗ, ಅವನು ಹುಣಿಸೆಮರದ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ. ತೊಡೆಯ ಮೇಲಿದ್ದ ಹಾಳೆ ಅಳಿಸಿ ಅಳಿಸಿ ಒಂದೆಡೆ ಹರಿದಿತ್ತು. ನನ್ನನ್ನು ಕಂಡೊಡನೆ ಅದನ್ನು ಅಂಗೈಯಿಂದ ಮುಚ್ಚಿಕೊಂಡ. ತೋರಿಸೆಂದು ನಾನು ಕೇಳಲಿಲ್ಲ.