ಕಲ್ಲು ನಾಡಿ ಹಿಡಿಯುವುದಿಲ್ಲ

"ಡಾಕ್ಟರ್ ಇಲ್ರೀ, ಮಿರಜಿಗೆ ಒಯ್ಯಿರಿ."

ಅಥಣಿ, ಕಾಗವಾಡ, ರಾಯಬಾಗ ಕಡೆಯ ನಾವು ಹುಟ್ಟಿದಾಗಿನಿಂದ ಕೇಳಿದ ಮಾತಿದು. ಕುಡಚಿಯಲ್ಲಿ, ಉಗಾರದಲ್ಲಿ ರೋಗಿಯನ್ನು ಹೊತ್ತು ರೈಲು ಹತ್ತಿದವರು ನಾವು. ನಿಪ್ಪಾಣಿಯವರಿಗೆ ಕೊಲ್ಲಾಪುರ, ಚಿಕ್ಕೋಡಿಯವರಿಗೆ ಬೆಳಗಾವಿ. ದೊಡ್ಡ ರೋಗಕ್ಕೆ ದೊಡ್ಡ ಊರಿಗೆ ಹೋಗೂದು ತಪ್ಪಲ್ಲ. ಹೆರಿಗೆಗೂ, ಕೂಸಿನ ವಾಂತಿಭೇದಿಗೂ ಯಾಕೆ ಹೋಗಬೇಕು? ಉಳ್ಳವರು ಕಾರು ಹತ್ತುತ್ತಾರೆ. ನಮ್ಮ ಕೇರಿಯವರು ಕುರಿ ಮಾರಿ, ತಾಳಿ ಅಡವಿಟ್ಟು, ಸಾಹುಕಾರನಿಗೆ ವರ್ಷದ ದುಡಿಮೆ ಬರೆದುಕೊಟ್ಟು ಹೋಗುತ್ತಾರೆ. ರೋಗಿ ಬದುಕಿದರೂ ಮನೆ ಸಾಯುತ್ತದೆ.

ಮಿರಜಿನಲ್ಲಿ 1894ರಷ್ಟು ಹಿಂದೆ ವಾನ್ಲೆಸ್ ಎಂಬ ಮಿಶನರಿ ವೈದ್ಯ ಆಸ್ಪತ್ರೆ ಕಟ್ಟಿದ. ನಾವೇ ಓಟು ಹಾಕಿ ಕಟ್ಟಿದ ಸರಕಾರ ಏನು ಮಾಡಿತು?

ಕಟ್ಟಡ ಐತಿ. ಬಣ್ಣ ಐತಿ. ಉದ್ಘಾಟಿಸಿದವರ ಹೆಸರಿನ ಕಲ್ಲೂ ಐತಿ. 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕವೂ ಸರಕಾರದ್ದೇ. ಆದರೆ ಕಲ್ಲು ನಾಡಿ ಹಿಡಿಯುವುದಿಲ್ಲ. ಖಾಲಿ ಹುದ್ದೆ ತುಂಬುವವರು ಯಾರು? ಔಷಧಿ ಮುಗಿಯುವ ಮೊದಲೇ ತರಿಸುವವರು ಯಾರು? ರಾತ್ರಿ ಬಾಗಿಲಿಗೆ ಕೀಲಿ ಬಿದ್ದಿದ್ದರೆ ಉತ್ತರ ಹೇಳುವವರು ಯಾರು? ಆಡಳಿತ ಅಂದರೆ ಇದೇ. ಇದಿಲ್ಲದ ದವಾಖಾನೆ ಬರೀ ಗೋಡೆ.

1978ರಲ್ಲಿ ಆಲ್ಮಾ ಆಟಾದಲ್ಲಿ ಕೂತ ಲೋಕದ ಸರಕಾರಗಳು 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂದವು. ಆ "ಎಲ್ಲರ" ಪಟ್ಟಿಯಲ್ಲಿ ನಮ್ಮ ಹೆಸರು ಇತ್ತೇ?

ನಿಪ್ಪಾಣಿಯ ಬೀಡಿ ಕಟ್ಟುವ ಅವ್ವಂದಿರನ್ನು ಕೇಳಿ. ತಂಬಾಕಿನ ಧೂಳು ಅವರ ಎದೆಯಲ್ಲಿದೆ, ಲಾಭ ಬೇರೆಯವರ ತಿಜೋರಿಯಲ್ಲಿದೆ. 1928ರಲ್ಲೇ, ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಬಾಬಾಸಾಹೇಬರು ಅಲ್ಲಿನ ಶಾಸನಸಭೆಯಲ್ಲಿ ದುಡಿಯುವ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತರು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂತು. ಬೀಡಿಯ ಮೇಲೆ ಸೆಸ್ ಕೂಡಿಸಿ ಅವರ ದವಾಖಾನೆ, ಮಕ್ಕಳ ಓದು ನಡೆಸುವ ಏರ್ಪಾಡದು. 2017ರಲ್ಲಿ ಜಿಎಸ್‌ಟಿ ಬಂತು, ಆ ಸೆಸ್ಸೇ ರದ್ದಾಯಿತು. ಹಕ್ಕಾಗಿ ಬರುತ್ತಿದ್ದ ದುಡ್ಡು ಈಗ ಬಜೆಟ್ಟಿನ ದಯೆ.

ಕಾರ್ಡು ಕೊಟ್ಟಿಲ್ಲವೇ, ವರ್ಷಕ್ಕೆ 5 ಲಕ್ಷ, ಎನ್ನುತ್ತಾರೆ. ಕಾರ್ಡು ಬ್ಯಾಡ ಅನ್ನೂದಿಲ್ಲ ನಾವು. ಆದರೆ ನಡುರಾತ್ರಿ ಹೆರಿಗೆ ಮಾಡಿಸುವ ನರ್ಸಮ್ಮ ಕಾರ್ಡಿನೊಳಗಿಂದ ಎದ್ದು ಬರುವುದಿಲ್ಲ. ಮನೆಮನೆ ತಿರುಗುವ ಆಶಾ ಅಕ್ಕನಿಗಾದರೂ ಸಂಬಳ ಐತೇನು? ಆಕೆ "ಸ್ವಯಂಸೇವಕಿ", ಆಕೆಗೆ ಸಿಗುವುದು "ಗೌರವಧನ". ಗೌರವದಿಂದ ರೊಟ್ಟಿ ಬೇಯುತ್ತದೆಯೇ?

ಗೆಳೆಯರೇ, ಮಾಸ್ತರರೇ, ದೂರು ಹೇಳಿ ಮನೆಗೆ ಹೋಗುವುದು ಸಾಕು. ಆರೋಗ್ಯ ರಕ್ಷಾ ಸಮಿತಿ ಅಂತ ಒಂದು ಐತಿ. ಅದರ ಸಭೆ ಯಾವಾಗ ಆಯಿತು, ದುಡ್ಡು ಎಲ್ಲಿ ಹೋಯಿತು, ಕೇಳೋಣ. ಎಷ್ಟು ಹುದ್ದೆ ಖಾಲಿ, ಯಾವ ಔಷಧಿ ಇಲ್ಲ ಎಂಬುದನ್ನು ದವಾಖಾನೆಯ ಗೋಡೆಯ ಮೇಲೆ ಬರೆಸೋಣ. ಓದು ಬಾರದ ಅವ್ವಂದಿರಿಗೆ ಓದಿ ಹೇಳೋಣ. ನಮ್ಮ ಮನೆತನದಲ್ಲಿ ಮೊದಲ ಸಲ ಅಕ್ಷರ ಕಲಿತವರು ನಾವು. ಆ ಅಕ್ಷರ ಇದಕ್ಕಲ್ಲದೆ ಇನ್ನಾತಕ್ಕೆ?

ದವಾಖಾನೆ ಯಾರಪ್ಪನ ದಾನವೂ ಅಲ್ಲ. ನಮ್ಮ ಬೆವರಿನ ಬಾಕಿ ಅದು. ವಸೂಲಿಗೆ ಹೊರಡೋಣ.