ಪ್ರಯೋಗದ ಸಾಮಗ್ರಿ ಮಕ್ಕಳ ಕೈಗೆ ಸಿಗಲಿ

ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ ಕೇಂದ್ರ ಸರ್ಕಾರ 2025–26ನೇ ಸಾಲಿನ ಬಜೆಟ್‌ನಲ್ಲಿ ಪ್ರಕಟಿಸಿದೆ. 6ರಿಂದ 12ನೇ ತರಗತಿಯ ಮಕ್ಕಳು ಸೆನ್ಸರ್, ಮೋಟಾರು, 3ಡಿ ಪ್ರಿಂಟರ್‌ಗಳನ್ನು ಸ್ವತಃ ಬಳಸಿ ಕಲಿಯಬೇಕೆಂಬುದು 2016ರಲ್ಲಿ ಆರಂಭವಾದ ಈ ಯೋಜನೆಯ ಆಶಯ. ಉಳ್ಳವರ ಶಾಲೆಗಳಿಗೆ ಸುಲಭವಾಗಿ ದಕ್ಕುವ ಅವಕಾಶ ಹಳ್ಳಿಯ ಸರ್ಕಾರಿ ಶಾಲೆಗೂ ಬರುವುದು ಸ್ವಾಗತಾರ್ಹ.

ಸಲಕರಣೆ ಶಾಲೆ ತಲುಪಿದ ಮೇಲೆ ಏನಾಗುತ್ತದೆ ಎಂಬುದೇ ಆತಂಕದ ಸಂಗತಿ. ವಿಜ್ಞಾನ, ಗಣಿತ ಎರಡನ್ನೂ ಒಬ್ಬರೇ ಶಿಕ್ಷಕರು ಬೋಧಿಸುತ್ತಾ ದಾಖಲೆ ತುಂಬುವ ಕೆಲಸವನ್ನೂ ಹೊತ್ತಿರುವ ಶಾಲೆಯಲ್ಲಿ, ಪ್ರಯೋಗಾಲಯದ ಬಾಗಿಲು ತಪಾಸಣೆಯ ದಿನಕ್ಕಷ್ಟೇ ತೆರೆಯುವಂತಾಗಬಹುದು. ಹಾಳಾದುದಕ್ಕೆ ತಾವೇ ಹೊಣೆಯಾಗಬೇಕಾದೀತೆಂಬ ಅಂಜಿಕೆಯೂ ಸೇರಿದರೆ ಎಲ್ಲವೂ ಬೀರು ಸೇರಿ ಬೀಗ ಬೀಳುತ್ತದೆ. ಎಲ್‌ಇಡಿ ಸುಟ್ಟು, ಜೋಡಣೆ ತಪ್ಪಿ, ಮತ್ತೆ ಬಿಚ್ಚಿ ನೋಡುವಾಗಲೇ ಅಲ್ಲವೇ ಮಗು ವಿದ್ಯುತ್ತಿನ ಹಾದಿಯನ್ನು ಅರಿಯುವುದು? ಆದ್ದರಿಂದ ಮುರಿದ, ಸವೆದ ಸಾಮಗ್ರಿಗೆ ಪ್ರತಿವರ್ಷ ಪ್ರತ್ಯೇಕ ಅನುದಾನ ಬೇಕು. ಮುರಿದುದಕ್ಕಾಗಿ ಶಿಕ್ಷಕರಿಂದ ವಿವರಣೆ ಕೇಳುವಂತಾಗಬಾರದು. ವೇಳಾಪಟ್ಟಿಯಲ್ಲೇ ವಾರಕ್ಕೆ ಎರಡು ಪೀರಿಯಡ್ ಪ್ರಯೋಗಕ್ಕೆ ಮೀಸಲಾಗಬೇಕು, ಕೈಪಿಡಿಗಳು ಕನ್ನಡದಲ್ಲಿರಬೇಕು. ಶಿಕ್ಷಕರಿಲ್ಲದ ಶಾಲೆಗೆ ಯಂತ್ರ ಕಳುಹಿಸುವುದನ್ನು ಈ ಪತ್ರಿಕೆ ಪ್ರಗತಿಯೆಂದು ಒಪ್ಪುವುದಿಲ್ಲ. ಪ್ರಯೋಗಾಲಯ ಮಂಜೂರಾಗುವ ಪ್ರತಿಯೊಂದು ಶಾಲೆಯಲ್ಲೂ ಖಾಲಿ ಇರುವ ವಿಜ್ಞಾನ ಶಿಕ್ಷಕರ ಹುದ್ದೆಯನ್ನು, ಸಲಕರಣೆಯ ಪೆಟ್ಟಿಗೆ ತಲುಪುವ ಮೊದಲೇ, ರಾಜ್ಯ ಸರ್ಕಾರ ಭರ್ತಿ ಮಾಡಬೇಕು.